ಕಾಳುಗಳ ಪ್ರೋಟೀನ್ ಬಾರ್: ರುಚಿ ಮತ್ತು ಹದ ಕೆಡುವುದೆಲ್ಲಿ?

ಶೇಂಗಾ, ಕಡಲೆ, ಎಳ್ಳು ಮೊದಲಾದ ಕಾಳುಗಳನ್ನು ಹುರಿದು ಬೆಲ್ಲದ ಪಾಕದಲ್ಲಿ ಕೂಡಿಸಿ ತಿನ್ನುವುದು ನಮ್ಮ ನಾಡಿನಲ್ಲಿ ಹೊಸದೇನಲ್ಲ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿ ಬಂದಿತೆಂದರೆ ಶೇಂಗಾ ಉಂಡಿ, ಪುಟಾಣಿ ಉಂಡಿ, ಎಳ್ಳುಂಡಿಗಳಿಲ್ಲದ ಮನೆ ಇಲ್ಲ. ದಕ್ಷಿಣದ ಜಿಲ್ಲೆಗಳಲ್ಲಿ ಕಡಲೆ ಮಿಠಾಯಿ ಪ್ರತಿ ಅಂಗಡಿಯ ಡಬ್ಬಿಯಲ್ಲಿಯೂ ಇದೆ. ಇದೇ ಕಾಳುಗಳು ಈಗ ಪಟ್ಟಿಯ ಆಕಾರ ತಾಳಿ, ಹೊಳೆಯುವ ಹಾಳೆಯೊಳಗೆ ಕುಳಿತು, 'ಪ್ರೋಟೀನ್ ಬಾರ್' ಎಂಬ ಹೆಸರಿನಿಂದ ಪಟ್ಟಣಗಳಲ್ಲಿ ಮಾರಾಟವಾಗುತ್ತಿವೆ. ಹಾಲಿನ ಅಂಶವಿಲ್ಲದೆ ಕೇವಲ ಸಸ್ಯಮೂಲದಿಂದ ಸಸಾರಜನಕ ಒದಗಿಸುವ ಇಂತಹ ಬಾರ್‌ಗಳಿಗೆ ಬೇಡಿಕೆ ಇರುವುದನ್ನು ಕಂಡು ಹಲವು ಕಡೆ ಮಹಿಳಾ ಸ್ವಸಹಾಯ ಸಂಘಗಳೂ ರೈತ ಉತ್ಪಾದಕರ ಸಂಸ್ಥೆಗಳೂ ಇವುಗಳ ತಯಾರಿಕೆಗೆ ಕೈಹಾಕಿವೆ.

ಆದರೆ ಮಾಡಿದ ದಿನ ಎಲ್ಲರೂ ಮೆಚ್ಚಿ ತಿಂದ ಬಾರ್ ಎರಡು ತಿಂಗಳ ನಂತರ ಅಂಗಡಿಯಿಂದ ಹಿಂದಕ್ಕೆ ಬರುವುದುಂಟು. ಒಂದು ಕಂತು ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಇನ್ನೊಂದು ಹಾಳೆಗೆ ಅಂಟಿಕೊಂಡಿರುತ್ತದೆ, ಮತ್ತೊಂದು ಕಮಟು ವಾಸನೆ ಹೊಡೆಯುತ್ತದೆ. ಹಾಕಿದ ಬಂಡವಾಳ ಹೋಗುವುದಲ್ಲದೆ, ಒಮ್ಮೆ ಕೆಟ್ಟ ಹೆಸರನ್ನು ಮತ್ತೆ ಗಳಿಸುವುದು ಕಷ್ಟ. ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಪಾಕ ಹಿಡಿದವರ ಕೈಯನ್ನೇ ದೂರುತ್ತಾರೆ. ವಾಸ್ತವವಾಗಿ ಅರ್ಧದಷ್ಟು ದೋಷಗಳು ಒಲೆಗೆ ಬರುವ ಮೊದಲೇ, ಅಂದರೆ ಹೊಲದಲ್ಲಿ, ಕಣದಲ್ಲಿ ಮತ್ತು ಚೀಲದಲ್ಲಿ ಹುಟ್ಟಿರುತ್ತವೆ. ಯಾವ ದೋಷ ಎಲ್ಲಿ ಹುಟ್ಟುತ್ತದೆ ಎಂಬುದನ್ನು ತಿಳಿದರೆ ಅದನ್ನು ಅಲ್ಲಿಯೇ ತಡೆಯಬಹುದು. ಕಾಳನ್ನು ತಾನೇ ಬೆಳೆಯುವ ರೈತನಿಗೆ ಈ ಅನುಕೂಲ ಕಾರ್ಖಾನೆಯವರಿಗಿಂತ ಹೆಚ್ಚಾಗಿಯೇ ಇದೆ.

ಸಸಾರಜನಕದ ಲೆಕ್ಕ

ಶೇಂಗಾ ಬೀಜದಲ್ಲಿ ಸುಮಾರು ಶೇಕಡಾ 25, ಪುಟಾಣಿಯಲ್ಲಿ ಶೇಕಡಾ 22, ಎಳ್ಳಿನಲ್ಲಿ ಶೇಕಡಾ 18, ಸೋಯಾ ಅವರೆಯಲ್ಲಿ ಶೇಕಡಾ 40ರಷ್ಟು ಸಸಾರಜನಕವಿದೆ. ಬೆಲ್ಲದಲ್ಲಿ ಲೆಕ್ಕಕ್ಕೆ ಹಿಡಿಯುವಷ್ಟು ಇಲ್ಲ. ಕಡಲೆ ಮತ್ತು ಸೋಯಾದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಹೇರಳವಾಗಿದ್ದು ಮೀಥಿಯೋನಿನ್ ಕಡಿಮೆ. ಎಳ್ಳಿನಲ್ಲಿ ಮೀಥಿಯೋನಿನ್ ಚೆನ್ನಾಗಿದೆ. ಆದುದರಿಂದ ಒಂದೇ ಕಾಳಿಗಿಂತ ಮಿಶ್ರಣವೇ ಮೇಲು.

ಈ ತಿಳುವಳಿಕೆ ಹಳೆಯದು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು 75 ಭಾಗ ಶೇಂಗಾ ಹಿಟ್ಟು ಮತ್ತು 25 ಭಾಗ ಕಡಲೆ ಹಿಟ್ಟಿಗೆ ಜೀವಸತ್ವ, ಖನಿಜಗಳನ್ನು ಸೇರಿಸಿ 'ಭಾರತೀಯ ಬಹೂಪಯೋಗಿ ಆಹಾರ'ವನ್ನು ರೂಪಿಸಿತ್ತು. ಪೌಷ್ಟಿಕತೆಯ ಲೆಕ್ಕ ಅಂದೇ ಆಗಿದೆ. ತಿನ್ನುವವರ ನಾಲಿಗೆ ಒಪ್ಪುವಂತೆ ಮಾಡುವುದು ಪ್ರತಿ ತಯಾರಕರೂ ಮತ್ತೆ ಮತ್ತೆ ಬಿಡಿಸಬೇಕಾದ ಲೆಕ್ಕ.

ಒಂದು ಉದಾಹರಣೆಯನ್ನು ನೋಡಬಹುದು. ಹುರಿದು ಸಿಪ್ಪೆ ತೆಗೆದ ಶೇಂಗಾ 35 ಭಾಗ, ಪುಟಾಣಿ 15, ಸಂಸ್ಕರಿಸಿದ ಸೋಯಾ ಹಿಟ್ಟು 10, ಎಳ್ಳು 5 ಮತ್ತು ಬೆಲ್ಲ 35 ಭಾಗ ಕೂಡಿಸಿದರೆ 100 ಗ್ರಾಂನಲ್ಲಿ ಸುಮಾರು 17 ಗ್ರಾಂ ಸಸಾರಜನಕ ದೊರೆಯುತ್ತದೆ. ಅಂದರೆ 30 ಗ್ರಾಂ ತೂಕದ ಒಂದು ಬಾರ್‌ನಲ್ಲಿ 5 ಗ್ರಾಂ. ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಸಸಾರಜನಕ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿದೆ. 60 ಕಿಲೋ ತೂಕದವರಿಗೆ ಇದು ಸುಮಾರು 50 ಗ್ರಾಂ ಆಗುವುದರಿಂದ ಒಂದು ಬಾರ್ ಅದರ ಹತ್ತನೆಯ ಒಂದು ಭಾಗವನ್ನು ಒದಗಿಸುತ್ತದೆ.

ಇದನ್ನು ಹೆಚ್ಚಿಸುವ ಆಸೆಯಿಂದ ಸೋಯಾ ಹಿಟ್ಟನ್ನು 20 ಭಾಗಕ್ಕೆ ಏರಿಸಿ ಬೆಲ್ಲವನ್ನು 25ಕ್ಕೆ ಇಳಿಸಿದರೆ ಕಾಗದದ ಮೇಲೆ 21 ಗ್ರಾಂ ಸಸಾರಜನಕ ಬರುತ್ತದೆ. ಆದರೆ ಹಿಟ್ಟು ಪಾಕವನ್ನೆಲ್ಲ ಹೀರಿ ಬಾರ್ ಕೈಯಲ್ಲಿ ಪುಡಿಯಾಗುತ್ತದೆ, ಬಾಯಲ್ಲಿ ಸುಣ್ಣದ ಪುಡಿಯಂತೆ ಒಣಗುತ್ತದೆ. ಸಸಾರಜನಕ ಏರಿದಂತೆ ಹದ ಕೆಡುವುದು ಈ ತಿನಿಸಿನ ಮೂಲ ಸಮಸ್ಯೆ.

ಹೊಲದಲ್ಲಿ ಹುಟ್ಟುವ ರುಚಿ

ಬಾರ್‌ನ ರುಚಿಗೆ ಬಲಿತ, ತುಂಬಿದ, ಒಂದೇ ಗಾತ್ರದ ಶೇಂಗಾ ಬೀಜವೇ ಬುನಾದಿ. ಎಳೆಯ ಹಾಗೂ ಸುಕ್ಕುಗಟ್ಟಿದ ಬೀಜಗಳು ಹುರಿಯುವಾಗ ಬೇಗ ಕಪ್ಪಾಗಿ ಕಹಿಯಾಗುತ್ತವೆ. ದಪ್ಪ ಬೀಜಗಳು ಹುರಿಯುವಷ್ಟರಲ್ಲಿ ಸಣ್ಣವು ಸೀದಿರುತ್ತವೆ. ಸಣ್ಣವು ಹದಕ್ಕೆ ಬಂದಾಗ ದಪ್ಪ ಬೀಜಗಳ ಒಳಗೆ ಹಸಿವಾಸನೆ ಉಳಿದಿರುತ್ತದೆ. ಆದುದರಿಂದ ತಳಿಗಳನ್ನು ಬೆರೆಸಬಾರದು, ಜರಡಿ ಹಿಡಿದು ಗಾತ್ರದ ಪ್ರಕಾರ ವಿಂಗಡಿಸಬೇಕು.

ಕಾಯಿ ಜೊಳ್ಳಾಗದೆ ತುಂಬಲು ಸುಣ್ಣದಂಶ ಅವಶ್ಯ. ಶಿಫಾರಸಿನಂತೆ ಎಕರೆಗೆ 2 ಕ್ವಿಂಟಲ್ ಜಿಪ್ಸಂ ಕೊಡುವುದು ಇಳುವರಿಗೆ ಮಾತ್ರವಲ್ಲ, ಬೀಜದ ಗುಣಕ್ಕೂ ನೆರವಾಗುತ್ತದೆ.

ಎಣ್ಣೆಯ ಗುಣವೂ ಮುಖ್ಯ. ಶೇಂಗಾದಲ್ಲಿ ಶೇಕಡಾ 45ರ ಆಸುಪಾಸು ಎಣ್ಣೆ ಇದೆ. ಅದರಲ್ಲಿರುವ ಲಿನೋಲಿಕ್ ಆಮ್ಲ ಗಾಳಿಯ ಆಮ್ಲಜನಕದೊಡನೆ ಬೇಗ ಕೂಡಿಕೊಂಡು ಕಮಟು ವಾಸನೆಗೆ ಕಾರಣವಾಗುತ್ತದೆ. ಒಲಿಯಿಕ್ ಆಮ್ಲ ಹಾಗಲ್ಲ, ಅದು ಬಹುಕಾಲ ಕೆಡದೆ ನಿಲ್ಲುತ್ತದೆ. ಸಾಮಾನ್ಯ ತಳಿಗಳ ಎಣ್ಣೆಯಲ್ಲಿ ಒಲಿಯಿಕ್ ಆಮ್ಲ ಶೇಕಡಾ 40ರಿಂದ 50ರಷ್ಟಿದ್ದರೆ 2020ರಲ್ಲಿ ಬಿಡುಗಡೆಯಾದ ಗಿರ್ನಾರ್ 4 ಮತ್ತು ಗಿರ್ನಾರ್ 5 ತಳಿಗಳಲ್ಲಿ ಅದು ಶೇಕಡಾ 80ರ ಸಮೀಪವಿದೆ. ತಿನಿಸು ತಯಾರಿಸಿ ಮಾರುವ ಉದ್ದೇಶವುಳ್ಳವರು ಇಂತಹ ತಳಿಗಳು ತಮ್ಮ ಪ್ರದೇಶಕ್ಕೆ ಒಗ್ಗುತ್ತವೆಯೇ ಎಂಬುದನ್ನು ಹತ್ತಿರದ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ, ಮೊದಲು ಸ್ವಲ್ಪ ಕ್ಷೇತ್ರದಲ್ಲಿ ಬೆಳೆದು ನೋಡುವುದು ಲೇಸು.

ಬೆಲ್ಲದ ಗುಣವೂ ಕಬ್ಬಿನ ಗದ್ದೆಯಲ್ಲಿಯೇ ನಿರ್ಧಾರವಾಗುತ್ತದೆ. ಸಾರಜನಕ ಗೊಬ್ಬರವನ್ನು ಮಿತಿಮೀರಿ ಅಥವಾ ತಡವಾಗಿ ಕೊಟ್ಟ ಕಬ್ಬು, ಚೌಳು ಭೂಮಿಯ ಕಬ್ಬು ಮತ್ತು ಕಡಿದು ದಿನಗಟ್ಟಲೆ ಬಿಟ್ಟ ಕಬ್ಬುಗಳಿಂದ ತಯಾರಾದ ಬೆಲ್ಲ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ಕಡಿದ ಕಬ್ಬನ್ನು ಬಿಟ್ಟಷ್ಟೂ ಅದರೊಳಗಿನ ಸಕ್ಕರೆ ಒಡೆದು ಗ್ಲುಕೋಸ್ ಮತ್ತು ಫ್ರಕ್ಟೋಸ್ ಆಗುವುದೇ ಇದಕ್ಕೆ ಕಾರಣ. ಇಂತಹ ಬೆಲ್ಲದಿಂದ ಮಾಡಿದ ಮಿಠಾಯಿ ಮಳೆಗಾಲದಲ್ಲಿ ಜಿಗುಟಾಗದೆ ಇರದು. ಕಡಿದ ಒಂದು ದಿನದೊಳಗೆ ಅರೆದ ಕಬ್ಬಿನ, ಕೈಯಲ್ಲಿ ಮುರಿದರೆ ಹರಳು ಕಾಣುವ ಗಟ್ಟಿ ಬೆಲ್ಲವನ್ನೇ ಆರಿಸಬೇಕು.

ಕಣದಲ್ಲಿನ ಎಚ್ಚರಿಕೆ

ಕಿತ್ತ ಶೇಂಗಾ ಗಿಡಗಳನ್ನು ಕಾಯಿ ಮೇಲ್ಮುಖವಾಗಿರುವಂತೆ ಸಾಲಾಗಿ ಹರಡಿ ಒಣಗಿಸಬೇಕು. ಹಸಿ ಕಾಯಿಯನ್ನು ರಾಶಿ ಹಾಕಿದರೆ ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಯಂತ್ರದಿಂದ ಒಣಗಿಸುವಾಗ ಗಾಳಿಯ ಉಷ್ಣತೆ 35 ಡಿಗ್ರಿ ಸೆಂ. ದಾಟಿದರೆ ಬೀಜದಲ್ಲಿ ಹುಳಿತಂತಹ ಒಂದು ಕೆಟ್ಟ ರುಚಿ ನೆಲೆಸುತ್ತದೆ. ಮುಂದೆ ಎಷ್ಟು ಹುರಿದರೂ ಅದು ಹೋಗದು. ಕಾಯಿಯಲ್ಲಿ ತೇವಾಂಶ ಶೇಕಡಾ 8ಕ್ಕೆ ಇಳಿಯುವವರೆಗೆ ಒಣಗಿಸಬೇಕು. ಕಾಯಿಯನ್ನು ಅಲುಗಿಸಿದಾಗ ಬೀಜ ಗಲಗಲ ಸದ್ದು ಮಾಡಬೇಕು, ಬೀಜವನ್ನು ಬೆರಳಲ್ಲಿ ಉಜ್ಜಿದಾಗ ಸಿಪ್ಪೆ ಬಿಡಬೇಕು.

ಬೀಜ ಒಡೆಯದಿರಲೆಂದು ಸುಲಿಯುವ ಮುನ್ನ ಕಾಯಿಗೆ ನೀರು ಚಿಮುಕಿಸುವ ರೂಢಿ ಕೆಲವೆಡೆ ಇದೆ. ತಿನಿಸಿಗೆ ಬಳಸುವ ಶೇಂಗಾಕ್ಕೆ ಇದನ್ನು ಎಂದಿಗೂ ಮಾಡಬಾರದು. ಬೀಜವನ್ನು ಕಾಯಿಯೊಳಗೇ ಕಾದಿರಿಸಿ ಬೇಕಾದಾಗ ಬೇಕಾದಷ್ಟೇ ಸುಲಿಯುವುದು ಉತ್ತಮ, ಏಕೆಂದರೆ ಒಡೆದ ಬೀಜ ಬೇಗ ಕಮಟಾಗುತ್ತದೆ.

ನಾಲಿಗೆಗೆ ತಿಳಿಯದ ದೋಷ

ಇನ್ನೊಂದು ದೋಷವಿದೆ, ಅದು ಉಳಿದೆಲ್ಲಕ್ಕಿಂತ ದೊಡ್ಡದು. 1960ರಲ್ಲಿ ಇಂಗ್ಲೆಂಡಿನಲ್ಲಿ 1 ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ವಿಷವೇ ಇದಕ್ಕೆ ಕಾರಣವೆಂದು ಪತ್ತೆಯಾಯಿತು. ಅದೇ ಅಫ್ಲಾಟಾಕ್ಸಿನ್. ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ಈ ವಿಷಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಹುರಿಯುವುದರಿಂದ ಸ್ವಲ್ಪ ಕಡಿಮೆಯಾದರೂ ಪೂರ್ಣ ನಾಶವಾಗುವುದಿಲ್ಲ. ಸಂಸ್ಕರಣೆಗೆ ಹೋಗುವ ಶೇಂಗಾದಲ್ಲಿ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಒಪ್ಪುವ ಮಿತಿ ಕಿಲೋಗೆ 15 ಮೈಕ್ರೋಗ್ರಾಂ, ಅಂದರೆ 100 ಕೋಟಿ ಭಾಗದಲ್ಲಿ 15 ಭಾಗ ಮಾತ್ರ.

ಬೂಷ್ಟು ಹಿಡಿದ, ಬಣ್ಣಗೆಟ್ಟ, ಸುಕ್ಕಾದ, ಹುಳು ಕೊರೆದ ಬೀಜಗಳಲ್ಲಿಯೇ ಈ ವಿಷ ಹೆಚ್ಚಾಗಿರುತ್ತದೆ. ಕಟಾವಿಗೆ ಮುಂಚಿನ ವಾರಗಳಲ್ಲಿ ಬರ ಬಿದ್ದ ಬೆಳೆಯಲ್ಲಿಯೂ ಅಪಾಯ ಅಧಿಕ. ಇಂತಹ ಬೀಜವನ್ನು ಪುಡಿಮಾಡಿ ಬೆಲ್ಲದಲ್ಲಿ ಕೂಡಿಸಿದರೆ ಯಾರಿಗೂ ಗೊತ್ತಾಗದು ಎಂಬುದೇ ಭಯದ ಸಂಗತಿ. ಈ ಬಾರ್‌ಗಳನ್ನು ತಿನ್ನುವವರಲ್ಲಿ ಮಕ್ಕಳೂ ಇರುತ್ತಾರೆ. ಆದುದರಿಂದ ಬೆಳಕಿನಲ್ಲಿ ಕುಳಿತು ಕೈಯಿಂದ ಆರಿಸಿ ಕೆಟ್ಟ ಬೀಜವನ್ನು ಹೊರಹಾಕಬೇಕು. ಹೊರಹಾಕಿದ್ದನ್ನು ದನಗಳಿಗೂ ಕೋಳಿಗಳಿಗೂ ಹಾಕಬಾರದು. ಮಾರಾಟಕ್ಕೆ ಮಾಡುವವರು ಕಾಲಕಾಲಕ್ಕೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷಿಸುವುದು ಅವಶ್ಯ.

ಸೋಯಾದ ಹಸಿವಾಸನೆ

ಸೋಯಾ ಅವರೆಯನ್ನು ಅನೇಕರು ದೂರವಿಡುವುದು ಅದರ ಹಸಿವಾಸನೆಗಾಗಿ. ಈ ವಾಸನೆ ಕಾಳಿನಲ್ಲಿ ಮೊದಲೇ ಇರುವುದಿಲ್ಲ. ಕಾಳು ಒಡೆದು ನೀರು ಸೋಕಿದೊಡನೆ ಲಿಪಾಕ್ಸಿಜಿನೇಸ್ ಎಂಬ ಕಿಣ್ವ ಎಣ್ಣೆಯ ಮೇಲೆ ವರ್ತಿಸಿ ಅದನ್ನು ಹುಟ್ಟಿಸುತ್ತದೆ. ಒಮ್ಮೆ ಹುಟ್ಟಿದ ವಾಸನೆಯನ್ನು ಏಲಕ್ಕಿ ಹಾಕಿ ಮುಚ್ಚಲಾಗದು. ತಣ್ಣೀರಿನಲ್ಲಿ ನೆನೆಸಿ ಅರೆದ ನಂತರ ಕಾಯಿಸುವವರಿಗೆ ಈ ವಾಸನೆ ತಪ್ಪಿದ್ದಲ್ಲ.

ಕಾಳು ಅರೆಯುವ ಮುನ್ನವೇ ಕಿಣ್ವವನ್ನು ಕಾವಿನಿಂದ ನಿಷ್ಕ್ರಿಯಗೊಳಿಸುವುದು ಇದಕ್ಕೆ ಪರಿಹಾರ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 1970ರ ದಶಕದಲ್ಲಿ ಇಡೀ ಕಾಳನ್ನು ಕುದಿಸಿ ನಂತರ ಅರೆಯುವ ವಿಧಾನವನ್ನು ಪ್ರಚುರಪಡಿಸಿದರು. ಹಳ್ಳಿಯ ಮಟ್ಟದಲ್ಲಿ ಹೀಗೆ ಮಾಡಬಹುದು: ಸಿಪ್ಪೆ ತೆಗೆದ ಒಣ ಸೋಯಾ ಬೇಳೆಯನ್ನು ಅದರ ಮೂರು ಪಟ್ಟು ಕುದಿಯುವ ನೀರಿಗೆ ನೇರವಾಗಿ ಹಾಕಿ 25ರಿಂದ 30 ನಿಮಿಷ ಕುದಿಸಬೇಕು. ನೀರು ಬಸಿದು, ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡಬೇಕು. ಇದರಿಂದ ಸಸಾರಜನಕದ ಜೀರ್ಣಕ್ಕೆ ಅಡ್ಡಿಯಾಗುವ ಟ್ರಿಪ್ಸಿನ್ ನಿರೋಧಕವೂ ಬಹುಮಟ್ಟಿಗೆ ನಾಶವಾಗುತ್ತದೆ. ಹಿಟ್ಟಿನಲ್ಲಿ ಎಣ್ಣೆ ಇರುವುದರಿಂದ ಬೇಕಾದಷ್ಟೇ ಬೀಸಿಸಿಕೊಳ್ಳಬೇಕು.

ವಾಸನೆಗೆ ಕಾರಣವಾಗುವ ಕಿಣ್ವದ ಒಂದು ಬಗೆಯನ್ನು ತೆಗೆದುಹಾಕಿದ ಎನ್‌ಆರ್‌ಸಿ 132, ಹಾಗೂ ಆ ಕಿಣ್ವದೊಂದಿಗೆ ಟ್ರಿಪ್ಸಿನ್ ನಿರೋಧಕವನ್ನೂ ತೆಗೆದ ಎನ್‌ಆರ್‌ಸಿ 142 ತಳಿಗಳನ್ನು ಇಂದೋರಿನ ಸೋಯಾ ಅವರೆ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದೆ. ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳ ಸೋಯಾ ಬೆಳೆಗಾರರು ಇವುಗಳ ಬಗ್ಗೆ ವಿಚಾರಿಸಿ ತಿಳಿದಿರುವುದು ಒಳ್ಳೆಯದು.

ಬಾರ್ ಕಲ್ಲಾಗುವುದೇಕೆ?

ದೊಡ್ಡ ಕಾರ್ಖಾನೆಗಳು ಸೋಯಾ ಅಥವಾ ಹಳದಿ ಬಟಾಣಿಯಿಂದ ಬೇರ್ಪಡಿಸಿದ, ಶೇಕಡಾ 80ರಿಂದ 90ರಷ್ಟು ಸಸಾರಜನಕವಿರುವ ಪುಡಿಯನ್ನು ಬಳಸುತ್ತವೆ. ಈ ಪುಡಿಗೆ ನೀರಿನ ದಾಹ ಬಹಳ. ಮಾಡಿದ ದಿನ ಬಾರ್ ಮೆತ್ತಗಿದ್ದರೂ ದಿನ ಕಳೆದಂತೆ ಪಾಕದಲ್ಲಿರುವ ನೀರು ಮೆಲ್ಲನೆ ಪುಡಿಯೊಳಕ್ಕೆ ಸೇರಿಕೊಳ್ಳುತ್ತದೆ. ಪಾಕ ಬಿಗಿಯಾಗುತ್ತದೆ, ಪುಡಿಯ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಜೊತೆಗೆ ಗ್ಲುಕೋಸ್‌ನಂತಹ ಸಕ್ಕರೆಗಳು ಲೈಸಿನ್‌ನೊಡನೆ ಕೂಡಿ ಬಾರ್ ಕಂದಾಗುತ್ತದೆ, ಇನ್ನಷ್ಟು ಗಟ್ಟಿಯಾಗುತ್ತದೆ, ಪೌಷ್ಟಿಕತೆಯೂ ಸ್ವಲ್ಪ ನಷ್ಟವಾಗುತ್ತದೆ. ಬೇಸಿಗೆಯಲ್ಲಿ ತಗಡಿನ ಸೂರಿನಡಿ ಇಟ್ಟರೆ ಇದು ಇನ್ನೂ ಬೇಗ ನಡೆಯುತ್ತದೆ. ಬಟಾಣಿ ಪುಡಿಯ ಕಹಿ ಮತ್ತು ಒಗರು ಇದರ ಮೇಲಿನ ಹೆಚ್ಚುವರಿ ತೊಂದರೆ.

ಸಣ್ಣ ಪ್ರಮಾಣದಲ್ಲಿ ತಯಾರಿಸುವವರು ಇಂತಹ ಪುಡಿಯನ್ನು ಕೊಂಡು ತರುವ ಅಗತ್ಯವಿಲ್ಲ. ಹುರಿದ ಇಡೀ ಕಾಳು ನೀರನ್ನು ಅಷ್ಟು ಹೀರುವುದಿಲ್ಲ, ಅಗಿಯಲು ಹಿತವಾಗಿರುತ್ತದೆ. ಬಾರ್ ಮೃದುವಾಗಿ ಉಳಿಯಲು ಮೂರು ಕ್ರಮಗಳು ನೆರವಾಗುತ್ತವೆ. ಮೊದಲನೆಯದಾಗಿ, ಶೇಂಗಾದ ಮುಕ್ಕಾಲು ಪಾಲನ್ನು ಎರಡು ಹೋಳಾಗಿಯೇ ಇಟ್ಟು ಉಳಿದ ಕಾಲು ಪಾಲನ್ನು ನುಣ್ಣಗೆ ಅರೆದು, ಸೋಯಾ ಹಿಟ್ಟನ್ನು ಮೊದಲು ಈ ಅರೆದ ಶೇಂಗಾದಲ್ಲಿ ಕಲಸಬೇಕು. ಹಿಟ್ಟಿನ ಕಣಗಳಿಗೆ ಎಣ್ಣೆಯ ಲೇಪವಾಗಿ ಪಾಕದ ನೀರನ್ನು ಹೀರುವುದು ಕಡಿಮೆಯಾಗುತ್ತದೆ, ಬಾಯಿ ಒಣಗುವುದೂ ತಪ್ಪುತ್ತದೆ. ಎರಡನೆಯದಾಗಿ, ಪುಟಾಣಿಯ ಸ್ವಲ್ಪ ಭಾಗದ ಬದಲಿಗೆ ಜೋಳದ ಅರಳು ಅಥವಾ ಮಂಡಕ್ಕಿ ಸೇರಿಸಿದರೆ ಒಳಗೆ ಗಾಳಿ ಉಳಿದು ಬಾರ್ ಹಗುರಾಗುತ್ತದೆ. ಸಸಾರಜನಕ ತುಸು ಇಳಿಯುವುದು ನಿಜ, ಆದರೆ ತಿನ್ನದೆ ಬಿಟ್ಟ ಬಾರ್‌ನಿಂದ ಯಾರಿಗೂ ಸಸಾರಜನಕ ಸಿಗದು. ಮೂರನೆಯದು ಪಾಕದ ಹದ.

ಹುರಿಯುವುದು ಮತ್ತು ಪಾಕ

ಶೇಂಗಾವನ್ನು ಸುಮಾರು 150ರಿಂದ 160 ಡಿಗ್ರಿ ಸೆಂ. ಉಷ್ಣತೆಯಲ್ಲಿ 20ರಿಂದ 30 ನಿಮಿಷ ಸಮನಾಗಿ ಹುರಿಯಬೇಕು. ಬೀಜವನ್ನು ಸೀಳಿದಾಗ ಒಳಭಾಗ ತಿಳಿ ಕಂದು ಬಣ್ಣಕ್ಕೆ ತಿರುಗಿರಬೇಕು. ಹುರಿದದ್ದನ್ನು ಕೂಡಲೆ ತೆಳುವಾಗಿ ಹರಡಿ ಆರಿಸಬೇಕು, ಇಲ್ಲವಾದರೆ ರಾಶಿಯ ಕಾವಿನಲ್ಲಿಯೇ ಸೀಯುವುದು ಮುಂದುವರಿಯುತ್ತದೆ. ಕೆಂಪು ಸಿಪ್ಪೆಯಲ್ಲಿ ಒಗರು ಇರುವುದರಿಂದ ಉಜ್ಜಿ ಕೇರಬೇಕು.

ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಕಾಯಿಸಬೇಕು. ನೀರು ಆವಿಯಾದಂತೆ ಪಾಕದ ಉಷ್ಣತೆ ಏರುತ್ತದೆ. ಹದವನ್ನು ನಿರ್ಧರಿಸುವುದು ಕೊನೆಗೆ ಉಳಿಯುವ ನೀರಿನ ಪ್ರಮಾಣ. ಸುಮಾರು 115ರಿಂದ 118 ಡಿಗ್ರಿಯಲ್ಲಿ ತಣ್ಣೀರಿಗೆ ಬಿಟ್ಟ ಹನಿ ಬೆರಳಲ್ಲಿ ಮೆತ್ತನೆಯ ಉಂಡೆಯಾಗುತ್ತದೆ. ಇದು ಉಂಡೆ ಪಾಕ, ಅಗಿಯುವ ಬಾರ್‌ಗೆ ತಕ್ಕದ್ದು. ಸುಮಾರು 140 ಡಿಗ್ರಿಯಲ್ಲಿ ಹನಿ ಗಟ್ಟಿಯಾಗಿ ಟಕ್ಕೆಂದು ಮುರಿಯುತ್ತದೆ. ಇದು ಕಡಲೆ ಮಿಠಾಯಿಯ ಪಾಕ, ಗರಿಗರಿಯಾದ ಬಾರ್‌ಗೆ ತಕ್ಕದ್ದು. 150 ದಾಟಿದರೆ ಬೆಲ್ಲ ಸೀದು ಕಹಿಯಾಗುತ್ತದೆ. ಎರಡರ ನಡುವೆ ನಿಲ್ಲಿಸಿದರೆ ಹಲ್ಲಿಗೆ ಅಂಟುವ ಬಾರ್ ಆಗುತ್ತದೆ. ಅನುಭವಿಗಳ ಕಣ್ಣು ಈ ಹದವನ್ನು ಹಿಡಿಯುವುದಾದರೂ, ಪ್ರತಿ ಕಂತೂ ಒಂದೇ ರೀತಿ ಇರಬೇಕಾದರೆ ಪಾಕಕ್ಕೆ ಬಳಸುವ ಥರ್ಮಾಮೀಟರ್ ಇಟ್ಟುಕೊಳ್ಳುವುದು ಅಗತ್ಯ.

ಪಾಕ ತಣಿಯುವಾಗ ಅತಿಯಾಗಿ ಕೈಯಾಡಿಸಿದರೆ ಸಕ್ಕರೆ ಹರಳುಗಟ್ಟಿ ಬಾರ್ ಮರಳು ಮರಳಾಗುತ್ತದೆ. ಬೆಲ್ಲದ ಹತ್ತನೆಯ ಒಂದು ಭಾಗದಷ್ಟು ದ್ರವ ಗ್ಲುಕೋಸ್ ಸೇರಿಸಿದರೆ ಹರಳು ಕಟ್ಟುವುದು ತಪ್ಪುತ್ತದೆ. ಹೆಚ್ಚಾದರೆ ಜಿಗುಟು. ಕಾಳುಗಳು ಬೆಚ್ಚಗಿರುವಾಗಲೇ ಪಾಕಕ್ಕೆ ಹಾಕಿ, ಬೇಗ ಕೂಡಿಸಿ, ಎಣ್ಣೆ ಸವರಿದ ತಟ್ಟೆಯಲ್ಲಿ ಒತ್ತಿ, ಬಿಸಿಯಿರುವಾಗಲೇ ಕತ್ತರಿಸಬೇಕು. ತಮಿಳುನಾಡಿನ ಕೋವಿಲ್‌ಪಟ್ಟಿಯ ಕಡಲೆ ಮಿಠಾಯಿಗೆ 2020ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಶೇಂಗಾ ಮತ್ತು ಬೆಲ್ಲಗಳಂತಹ ಸಾಧಾರಣ ವಸ್ತುಗಳಿಂದಲೂ ಒಂದು ಊರು ಹೆಸರು ಗಳಿಸಬಹುದೆಂಬುದಕ್ಕೆ ಇದು ನಿದರ್ಶನ.

ಪೂರ್ತಿ ಆರುವ ಮೊದಲು ಕಟ್ಟಿದರೆ ಹಾಳೆಯೊಳಗೆ ಬೆವರು ನಿಂತು ಬಾರ್ ಮೆತ್ತಗಾಗುತ್ತದೆ. ಆರಿದ ಮೇಲೆ ಬಿಟ್ಟರೂ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆದುದರಿಂದ ಆರಿದ ಕೂಡಲೆ ಬೆಳಕು, ಗಾಳಿ, ತೇವ ಒಳಹೋಗದ ಲೋಹಲೇಪಿತ ಹಾಳೆಯಲ್ಲಿ ಬಿಗಿಯಾಗಿ ಮುಚ್ಚಬೇಕು. ಶೇಂಗಾ, ಸೋಯಾ, ಎಳ್ಳು ಕೆಲವರಿಗೆ ಒಗ್ಗುವುದಿಲ್ಲವಾದ್ದರಿಂದ ಅವುಗಳ ಹೆಸರನ್ನು ಹೊದಿಕೆಯ ಮೇಲೆ ಸ್ಪಷ್ಟವಾಗಿ ಮುದ್ರಿಸಬೇಕು.

ರುಚಿ ಪರೀಕ್ಷೆ

ತಯಾರಿಸಿದವರೇ ತಿಂದು 'ಚೆನ್ನಾಗಿದೆ' ಎನ್ನುವುದು ಪರೀಕ್ಷೆಯಲ್ಲ. ಬೆಲ್ಲ ಅಥವಾ ತಳಿ ಬದಲಿಸಿದಾಗ ರುಚಿಯಲ್ಲಿ ನಿಜವಾಗಿ ವ್ಯತ್ಯಾಸವಾಗಿದೆಯೇ ಎಂದು ತಿಳಿಯಲು ಒಂದು ಸುಲಭ ವಿಧಾನವಿದೆ. ಪ್ರತಿಯೊಬ್ಬರಿಗೂ ಮೂರು ತುಂಡು ಕೊಡಬೇಕು. ಎರಡು ಒಂದೇ ಬಗೆಯವು, ಒಂದು ಬೇರೆ. ತುಂಡುಗಳಿಗೆ ಹೆಸರಿನ ಬದಲು ಅಂಕಿ ಕೊಡಬೇಕು. ನಡುನಡುವೆ ನೀರಿನಿಂದ ಬಾಯಿ ಮುಕ್ಕಳಿಸಿ, ಬೇರೆಯಾದದ್ದು ಯಾವುದೆಂದು ಹೇಳಲು ತಿಳಿಸಬೇಕು. 12 ಜನರಲ್ಲಿ 8 ಅಥವಾ ಹೆಚ್ಚು ಜನ ಸರಿಯಾಗಿ ಗುರುತಿಸಿದರೆ ವ್ಯತ್ಯಾಸ ನಿಜವೆಂದು ತಿಳಿಯಬಹುದು. ಅದಕ್ಕಿಂತ ಕಡಿಮೆಯಾದರೆ ವ್ಯತ್ಯಾಸವಿದೆಯೆಂದು ಹೇಳಲು ಆಧಾರ ಸಾಲದು.

ಪ್ರತಿ ಕಂತಿನಿಂದ ಕೆಲವು ಬಾರ್‌ಗಳನ್ನು ಅಂಗಡಿಯಲ್ಲಿರುವಂತೆಯೇ ಹೊರಗೆ ಇಟ್ಟು 15, 30, 60 ಮತ್ತು 90ನೆಯ ದಿನ ತಿಂದು ನೋಡಿ ಪುಸ್ತಕದಲ್ಲಿ ಬರೆದಿಡಬೇಕು. ದೋಷ ಗಿರಾಕಿಗೆ ತಿಳಿಯುವ ಮುನ್ನ ತಯಾರಕರಿಗೆ ತಿಳಿಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ದೋಷ ಮತ್ತು ಕಾರಣ

1. ಕಮಟು ವಾಸನೆ: ಒಡೆದ ಅಥವಾ ಹಳೆಯ ಬೀಜ, ಗಾಳಿಯಾಡುವ ಹೊದಿಕೆ.
2. ಕಹಿ: ಎಳೆಯ ಬೀಜ, ವಿಂಗಡಿಸದೆ ಹುರಿದದ್ದು, ಸೀದ ಪಾಕ.
3. ಒಗರು: ಸಿಪ್ಪೆ ಪೂರ್ತಿ ತೆಗೆಯದಿರುವುದು.
4. ಹಸಿವಾಸನೆ: ಕುದಿಸದೆ ಬೀಸಿದ ಸೋಯಾ, ಸಾಲದ ಹುರಿತ.
5. ಹುಳಿತ ರುಚಿ: ಕಣದಲ್ಲಿ ರಾಶಿ ಹಾಕಿದ ಅಥವಾ ಅತಿ ಕಾವಿನಲ್ಲಿ ಒಣಗಿಸಿದ ಕಾಯಿ.
6. ಜಿಗುಟು: ತೇವ ಎಳೆಯುವ ಬೆಲ್ಲ, ಇಳಿದ ಪಾಕ, ಸಡಿಲ ಹೊದಿಕೆ.
7. ಪುಡಿಯಾಗುವುದು: ಹಿಟ್ಟು ಹೆಚ್ಚು, ಬೆಲ್ಲ ಕಡಿಮೆ.
8. ದಿನ ಕಳೆದಂತೆ ಕಲ್ಲಾಗುವುದು: ಸಸಾರಜನಕದ ಪುಡಿ ಹೆಚ್ಚು, ಬಿಸಿಯಾದ ಜಾಗದಲ್ಲಿ ಸಂಗ್ರಹಣೆ.

ಈ ಎಂಟರಲ್ಲಿ ನಾಲ್ಕು ದೋಷಗಳ ಬೇರು ಪೂರ್ತಿಯಾಗಿಯೋ ಭಾಗಶಃವೋ ಒಲೆಯಿಂದಾಚೆ, ಬೆಳೆ ಮತ್ತು ಅದರ ಸಂಗ್ರಹಣೆಯಲ್ಲಿದೆ. ಪೇಟೆಯಿಂದ ಕಾಳು ಕೊಳ್ಳುವ ತಯಾರಕರಿಗೆ ಚೀಲದೊಳಗಿನ ಬೀಜ ಯಾವಾಗ ಕಿತ್ತದ್ದು, ಹೇಗೆ ಒಣಗಿದ್ದು ಎಂಬುದು ತಿಳಿಯದು. ಬೆಳೆದವರಿಗೆ ಅದು ತಿಳಿದಿದೆ. ರೈತ ಬಾಂಧವರೂ ಸಂಘದ ಸದಸ್ಯೆಯರೂ ಈ ತಿಳುವಳಿಕೆಯನ್ನು ಕಣದಿಂದಲೇ ಬಳಸಿ, ವಿಂಗಡಿಸಿ, ಒಣಗಿಸಿ, ಪಾಕದ ಹದವನ್ನು ಅಳೆದು ತಯಾರಿಸಿದಲ್ಲಿ ಮೊದಲ ಬಾರ್‌ನ ರುಚಿ ನೂರನೆಯದರಲ್ಲಿಯೂ ಉಳಿಯುತ್ತದೆ, ಕಾಳಿನ ಬೆಲೆಗಿಂತ ಹೆಚ್ಚಿನ ಆದಾಯವೂ ಮನೆಗೆ ಬರುತ್ತದೆ.